ಮರ ಬಿದ್ದ ಮೇಲೆ ಕಾಡಿಗೆ ಏನಾಗುತ್ತದೆ?

ಉಷ್ಣವಲಯದ ದಟ್ಟ ಕಾಡು. ನಲವತ್ತು ಮೀಟರ್ ಎತ್ತರದ ಒಂದು ಮರ. ಬುಡಕ್ಕೆ ಗರಗಸ ಇಟ್ಟಾಗಿದೆ. ಕಡಿಯುವವರಿಗೆ ಬೇಕಿರುವುದು ಆ ಒಂದೇ ಮರ. ಆದರೆ ತಲೆ ಎತ್ತಿ ನೋಡಿದರೆ ಅದು ಒಂಟಿಯಾಗಿ ನಿಂತಿಲ್ಲ. ತೋಳಿನಷ್ಟು ದಪ್ಪದ ಬಳ್ಳಿಗಳು ಅದರ ಕೊಂಬೆಗಳನ್ನೂ ಪಕ್ಕದ ನಾಲ್ಕಾರು ಮರಗಳ ಕೊಂಬೆಗಳನ್ನೂ ಹಗ್ಗ ಬಿಗಿದ ಹಾಗೆ ಸುತ್ತಿಕೊಂಡಿವೆ. ಮರ ವಾಲುತ್ತದೆ, ಬಳ್ಳಿ ಸೆಟೆಯುತ್ತದೆ, ಪಕ್ಕದ ಮರದ ನೆತ್ತಿ ಲಟಕ್ಕನೆ ಮುರಿದು ಬರುತ್ತದೆ. ಇನ್ನೊಂದು ಬೇರುಸಮೇತ ಕಿತ್ತು ಬರುತ್ತದೆ. ಬೀಳುವ ಜಾಗದಲ್ಲಿದ್ದ ಎಳೆ ಗಿಡಗಳೆಲ್ಲ ಅಪ್ಪಚ್ಚಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ 'ಕಡಿದದ್ದು: ಒಂದು ಮರ'.

ಮರ ಕಡಿತದ ಮಾತು ಬಂದಾಗ ನಮ್ಮ ಕಣ್ಣು ಹೋಗುವುದು ಉಳಿದ ಮೋಟುಗಳ ಮೇಲೆ. ಎಷ್ಟು ಮೋಟು ಇದೆಯೋ ಅಷ್ಟು ನಷ್ಟ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಈ ಲೆಕ್ಕವೇ ತಪ್ಪು. ಜಾಸ್ತಿ ಪೆಟ್ಟು ಬೀಳುವುದು ಕಡಿಯದೆ ಬಿಟ್ಟದ್ದಕ್ಕೆ. ಮಣ್ಣಿಗೆ, ಹಳ್ಳಕ್ಕೆ, ಅಂಚಿನಲ್ಲಿ ಉಳಿದ ಮರಗಳಿಗೆ. ಅದೂ ಅವತ್ತೇ ಗೊತ್ತಾಗುವುದಿಲ್ಲ. ಲಾರಿಗಳು ಹೋದ ಎಷ್ಟೋ ವರ್ಷದ ಮೇಲೆ ಒಂದೊಂದಾಗಿ ಹೊರಗೆ ಬರುತ್ತದೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಕಾಡನ್ನು ಬೋಳಿಸಿ ಹೊಲವನ್ನೋ ದನ ಮೇಯುವ ಹುಲ್ಲುಗಾವಲನ್ನೋ ಮಾಡುವುದು ಒಂದು. ನಾಟಾಕ್ಕಾಗಿ ಮರ ಕಡಿದು, ಕಾಡನ್ನು ಕಾಡಾಗಿಯೇ ಬಿಟ್ಟು ಬರುವುದು ಇನ್ನೊಂದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ 1990ರಿಂದ 2020ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಕಾಡು ನಾಶವಾಗಿದೆ. ಇದರ ಬಹುಪಾಲು ಹೋದದ್ದು ಬೇಸಾಯಕ್ಕೆ ಮತ್ತು ಹುಲ್ಲುಗಾವಲಿಗೆ. ಹಾಗಾಗಿ ನಾಟಾದವರೇ ಎಲ್ಲ ಕಾಡು ನುಂಗಿದರು ಅನ್ನುವುದು ಸರಿಯಲ್ಲ.

ಆದರೆ ನಾಟಾ ಕಡಿತದ ಹಾನಿಗೆ ಬೇರೆಯೇ ಒಂದು ಗುಣ ಇದೆ. ಅದು ಸುಲಭಕ್ಕೆ ಕಾಣುವುದಿಲ್ಲ. ನಕ್ಷೆಯಲ್ಲಿ ಆ ಜಾಗ ಹಸಿರಾಗಿಯೇ ಇರುತ್ತದೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ 1999ರಿಂದ 2002ರವರೆಗಿನ ಉಪಗ್ರಹ ಚಿತ್ರಗಳನ್ನು ಸೂಕ್ಷ್ಮವಾಗಿ ಜಾಲಾಡಿದಾಗ, ವರ್ಷಕ್ಕೆ ಸುಮಾರು 12,000ದಿಂದ 20,000 ಚದರ ಕಿಲೋಮೀಟರ್ ಕಾಡಿನಲ್ಲಿ ಅಲ್ಲಲ್ಲಿ ಆರಿಸಿ ಮರ ಕಡಿದದ್ದು ಗೊತ್ತಾಯಿತು. 2005ರಲ್ಲಿ ಈ ಲೆಕ್ಕ ಹೊರಬಂದಾಗ, ಮನುಷ್ಯರಿಂದ ಕೆಟ್ಟ ಕಾಡು ಎಷ್ಟು ಅನ್ನುವ ಹಳೆಯ ಅಂದಾಜು ದುಪ್ಪಟ್ಟಾಯಿತು. ಅಲ್ಲಿಯವರೆಗೆ ಅದೆಲ್ಲ 'ಚೆನ್ನಾಗಿರುವ ಕಾಡು' ಅಂತಲೇ ನಡೆದಿತ್ತು.

ಕಡಿಯುವುದರಲ್ಲಿ ಎರಡು ಬಗೆ. ಒಂದು ಇಡೀ ಜಾಗವನ್ನು ಒಮ್ಮೆಗೇ ಬೋಳು ಮಾಡುವುದು. ತಂಪು ದೇಶಗಳ ಸೂಚಿಪರ್ಣಿ ಕಾಡುಗಳಲ್ಲಿ ಇದು ಜಾಸ್ತಿ. ಇನ್ನೊಂದು ಬೆಲೆ ಬಾಳುವ ಮರಗಳನ್ನಷ್ಟೇ ಹುಡುಕಿ ಕಡಿಯುವುದು. ಉಷ್ಣವಲಯದಲ್ಲಿ ನಡೆಯುವುದು ಹೆಚ್ಚಾಗಿ ಇದು. ಎರಡನೆಯದು ಕೇಳಲು ಸೌಮ್ಯ. ಆದರೆ ಬಳ್ಳಿಯ ಕತೆ ಈಗಷ್ಟೇ ನೋಡಿದೆವು.

ಕಾಲಡಿಯ ಮಣ್ಣು

ಮರ ಬಿದ್ದಿತು. ಈಗ ಅದನ್ನು ಹೊರಗೆ ಸಾಗಿಸಬೇಕು. ಟನ್‌ಗಟ್ಟಲೆ ತೂಗುವ ದಿಮ್ಮಿಯನ್ನು ಬುಲ್ಡೋಜರ್ ಎಳೆದುಕೊಂಡು ಹೋಗುತ್ತದೆ.

ಕಾಡಿನ ಮೇಲ್ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಸ್ಪಂಜಿನ ಹಾಗೆ ಇರುತ್ತದೆ. ಅದರ ಅರ್ಧಕ್ಕರ್ಧ ಜಾಗ ಬರೀ ಸಂದುಗಳು: ಎರೆಹುಳ ಓಡಾಡಿದ್ದು, ಸತ್ತ ಬೇರು ಕೊಳೆತು ಬಿಟ್ಟುಹೋದದ್ದು, ಇರುವೆ ತೋಡಿದ್ದು. ಗಾಳಿಯೂ ನೀರೂ ಹೋಗುವ ದಾರಿ ಇವೇ. ಭಾರದ ಯಂತ್ರ ಮೊದಲ ಕೆಲವು ಸಲ ಓಡಾಡುವಷ್ಟರಲ್ಲೇ ಈ ಸಂದುಗಳ ಬಹುಪಾಲು ಮುಚ್ಚಿಹೋಗುತ್ತವೆ. ಆಮೇಲೆ ಎಷ್ಟು ಸಲ ಓಡಾಡಿದರೂ ಹಾನಿ ಅಷ್ಟೇನೂ ಹೆಚ್ಚುವುದಿಲ್ಲ, ಯಾಕೆಂದರೆ ಆಗಬೇಕಾದದ್ದು ಆಗಿಬಿಟ್ಟಿದೆ. ಹಾಗಾಗಿ ಚೆದುರಿ ಓಡಾಡುವುದಕ್ಕಿಂತ ಒಂದೇ ದಾರಿಯಲ್ಲಿ ಹತ್ತು ಸಲ ಹೋಗುವುದು ಮೇಲು. ತಿಳಿದವರು ಮೊದಲೇ ಎಳೆಯುವ ದಾರಿ ಗುರುತು ಮಾಡಿಟ್ಟುಕೊಳ್ಳುವುದು ಇದಕ್ಕೇ.

ಗಟ್ಟಿಯಾದ ಮಣ್ಣಿನಲ್ಲಿ ಮಳೆ ನೀರು ಇಂಗುವುದಿಲ್ಲ. ಮೇಲೆಯೇ ಹರಿಯುತ್ತದೆ, ಹರಿಯುವಾಗ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಬೀಜ ಬಿದ್ದರೂ ಬೇರು ಇಳಿಯುವುದು ಕಷ್ಟ. ದಶಕಗಳ ಹಿಂದೆ ದಿಮ್ಮಿ ಎಳೆದ ಜಾಡು ಇವತ್ತಿಗೂ ಕೆಲವು ಕಾಡುಗಳಲ್ಲಿ ಬೈತಲೆ ತೆಗೆದ ಹಾಗೆ ಕಾಣುತ್ತದೆ.

ಒಂದು ಹಳ್ಳ ಹೇಳಿದ ಕತೆ

ಕಾಡು ಕಡಿದರೆ ನೀರಿಗೆ ಏನಾಗುತ್ತದೆ ಅನ್ನುವುದನ್ನು ಬರೀ ಊಹೆಯಲ್ಲಿ ಹೇಳಬೇಕಾಗಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಹಬಾರ್ಡ್ ಬ್ರೂಕ್ ಅನ್ನುವ ಒಂದು ಪ್ರಯೋಗದ ಕಾಡಿದೆ. ಅಲ್ಲಿ ಗುಡ್ಡದ ಮೈಯಲ್ಲಿ ಪಕ್ಕಪಕ್ಕದಲ್ಲೇ ಸಣ್ಣಸಣ್ಣ ಜಲಾನಯನಗಳು. ಒಂದೊಂದಕ್ಕೂ ಒಂದೊಂದು ಹಳ್ಳ. ಕೆಳಗೆ ಕಟ್ಟೆ ಕಟ್ಟಿ ಹರಿದು ಬರುವ ನೀರನ್ನೂ ಅದರಲ್ಲಿ ಕರಗಿರುವುದನ್ನೂ ಅಳೆಯಬಹುದು. ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಅವರ ಜೊತೆಗಾರರು 1965ರ ಕೊನೆಯಲ್ಲಿ ಹೀಗೊಂದು ಜಲಾನಯನದ, ಅಂದರೆ ಸುಮಾರು 16 ಹೆಕ್ಟೇರಿನ ಮರಗಳನ್ನೆಲ್ಲ ಕಡಿಸಿದರು. ಒಂದೇ ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸಲಿಲ್ಲ. ರಸ್ತೆಯನ್ನೂ ಮಾಡಲಿಲ್ಲ. ಕಡಿದದ್ದನ್ನು ಬಿದ್ದಲ್ಲೇ ಬಿಟ್ಟರು. ಮೂರು ಬೇಸಿಗೆ ಕಳೆನಾಶಕ ಹೊಡೆದು ಏನೂ ಚಿಗುರದಂತೆ ನೋಡಿಕೊಂಡರು.

ಮೊದಲ ವರ್ಷವೇ ಹಳ್ಳದ ನೀರು ಸುಮಾರು 40 ಶೇಕಡಾ ಜಾಸ್ತಿಯಾಯಿತು. ಇದು ನಿರೀಕ್ಷೆ ಮಾಡಿದ್ದೇ. ಹೀರಿ ಆವಿ ಮಾಡುವ ಎಲೆಗಳೇ ಇಲ್ಲದ ಮೇಲೆ ಆ ನೀರೆಲ್ಲ ಹಳ್ಳಕ್ಕೇ ಬರಬೇಕು. ಅಚ್ಚರಿ ಇದ್ದದ್ದು ನೀರಿನ ಒಳಗೆ. ನೈಟ್ರೇಟ್ 40 ಪಟ್ಟಿಗೂ ಮೀರಿ ಏರಿತ್ತು. ಕುಡಿಯುವ ನೀರಿಗೆ ಹಾಕಿದ ಮಿತಿಯನ್ನೂ ದಾಟಿತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕೂಡ ಹಲವು ಪಟ್ಟು ಹೆಚ್ಚಾಗಿದ್ದವು. ಬೇಸಿಗೆಯಲ್ಲಿ ಹಳ್ಳದ ತುಂಬ ಪಾಚಿ.

ಗೊಬ್ಬರ ಯಾರೂ ಸುರಿದಿರಲಿಲ್ಲ. ಹಾಗಾದರೆ ಇದೆಲ್ಲ ಬಂದದ್ದೆಲ್ಲಿಂದ? ಕಾಡಿನ ಒಳಗಿನಿಂದಲೇ. ತರಗೆಲೆ ಕೊಳೆಯುವಾಗ ಅದರಲ್ಲಿನ ಸಾರಜನಕ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗಿ ಹರಿದುಹೋಗುವ ವಸ್ತು. ಬೇರುಗಳಿದ್ದರೆ ಅದು ಹುಟ್ಟುವುದೇ ತಡ ಹೀರಿಕೊಳ್ಳುತ್ತವೆ, ಮತ್ತೆ ಎಲೆ ಮಾಡುತ್ತವೆ. ಅದೇ ಸರಕು ಮೇಲೆ ಕೆಳಗೆ ಸುತ್ತುತ್ತಾ ಇರುತ್ತದೆ. ಬೇರು ಸತ್ತಾಗ ಈ ಸುತ್ತು ಕಡಿದುಹೋಯಿತು. ಕೊಳೆಯುವುದು ಮಾತ್ರ ನಿಲ್ಲಲಿಲ್ಲ, ನೆಲಕ್ಕೆ ಬಿಸಿಲು ಬಿದ್ದು ಇನ್ನೂ ಜೋರಾಯಿತು. ಸಾಲದ್ದಕ್ಕೆ ನೈಟ್ರೇಟ್ ತಯಾರಾಗುವಾಗ ಆಮ್ಲವೂ ಹುಟ್ಟುತ್ತದೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿದ್ದ ಕ್ಯಾಲ್ಸಿಯಂನಂಥ ಸತ್ವವನ್ನು ಬಿಡಿಸಿ ನೀರಿಗೆ ತಳ್ಳುತ್ತದೆ. ಬಹುಕಾಲ ಕೂಡಿಟ್ಟದ್ದರಲ್ಲಿ ಒಂದು ಪಾಲು ಎರಡು ಮೂರು ವರ್ಷದಲ್ಲೇ ಹಳ್ಳ ಸೇರಿತು.

ನ್ಯಾಯವಾಗಿ ಹೇಳಬೇಕೆಂದರೆ ಇದು ಬೇಕಂತಲೇ ಮಾಡಿದ ಅತಿರೇಕ. ನಿಜವಾದ ಕಡಿತದಲ್ಲಿ ಯಾರೂ ಮೂರು ವರ್ಷ ಕಳೆನಾಶಕ ಹೊಡೆಯುತ್ತಾ ಕೂರುವುದಿಲ್ಲ. ಅಲ್ಲಿನ ಕಾಡನ್ನು ಸುಮ್ನೆ ಬಿಟ್ಟರೆ, ದಶಕಗಳಿಂದ ಮಣ್ಣಿನಲ್ಲಿ ನಿದ್ದೆ ಹೋಗಿದ್ದ ಕಾಡು ಚೆರ್ರಿಯ ಬೀಜಗಳು ಬಿಸಿಲು ತಾಗಿದ ಕೂಡಲೇ ಎದ್ದು ಜಾಗ ಮುಚ್ಚುತ್ತವೆ, ಸೋರಿಕೆ ಬೇಗ ಕಡಿಮೆಯಾಗುತ್ತದೆ. ಆದರೂ ಈ ಪ್ರಯೋಗ ಒಂದನ್ನು ಬಿಡಿಸಿ ತೋರಿಸಿತು. ಯಂತ್ರ, ರಸ್ತೆ ಎಲ್ಲ ಪಕ್ಕಕ್ಕಿಡಿ. ಮರ ಸಾಯುವುದಷ್ಟೇ ಸಾಕು, ಮಣ್ಣು ತನ್ನ ಸಾರ ಕಳೆದುಕೊಳ್ಳಲು ಶುರು ಮಾಡುತ್ತದೆ.

ಹಳ್ಳಕ್ಕೆ ಇನ್ನೊಂದು ಪೆಟ್ಟು ನೆರಳು ಹೋಗುವುದರಿಂದ. ಅಮೆರಿಕದ ಆರೆಗನ್ ಕರಾವಳಿಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಒಂದು ಸಣ್ಣ ತೊರೆಯ ಸುತ್ತ ದಡದ ಮರಗಳನ್ನೂ ಬಿಡದೆ ಬೋಳಿಸಿದರು. ವರ್ಷದಲ್ಲಿ ಅತಿ ಬಿಸಿಯ ದಿನ ಆ ನೀರಿನ ಶಾಖ ಮೊದಲು 14 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ಕಡಿದ ಮರುವರ್ಷ ಸುಮಾರು 29 ಡಿಗ್ರಿಗೆ ಏರಿತು. ತಣ್ಣೀರಿನ ಮೀನಿಗೆ ಇದು ಬದುಕುವ ನೀರೇ ಅಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ಮೇಲಿನಿಂದ ಬಂದ ಹೂಳು ತಳದ ಜಲ್ಲಿಯ ಸಂದುಗಳನ್ನು ತುಂಬಿದರೆ, ಸಾಲ್ಮನ್‌ನಂಥ ಮೀನುಗಳು ಅಲ್ಲಿ ಇಟ್ಟ ಮೊಟ್ಟೆ ಉಸಿರುಕಟ್ಟಿ ಸಾಯುತ್ತವೆ. ದಡದ ಎರಡೂ ಬದಿ ಒಂದು ಪಟ್ಟಿ ಮರ ಬಿಟ್ಟರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ಈಗ ಹಲವು ಕಡೆ ಇದು ನಿಯಮವಾಗಿದೆ.

ನೀರಿನ ವಿಷಯದಲ್ಲಿ ಜನ ತಲೆಕೆಳಗಾಗಿ ತಿಳಿದಿರುವ ಒಂದು ಸಂಗತಿ ಇದೆ. ಕಡಿದ ಮೇಲೆ ಹಳ್ಳದಲ್ಲಿ ನೀರು ಹೆಚ್ಚುವುದು ಶಾಶ್ವತ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೆ ನೀರು ಕೊಡುವ ಬೆಟ್ಟಗಳಲ್ಲಿ 'ಮೌಂಟನ್ ಆಶ್' ಅನ್ನುವ ದೈತ್ಯ ನೀಲಗಿರಿ ಜಾತಿಯ ಕಾಡು ಇದೆ. 1939ರ ಭಾರಿ ಕಾಡ್ಗಿಚ್ಚಿನಲ್ಲಿ ಹಳೆಯ ಮರಗಳು ಸತ್ತು ಅಷ್ಟೂ ಜಾಗದಲ್ಲಿ ಎಳೆಯ ಮರ ಒತ್ತಾಗಿ ಬೆಳೆಯಿತು. ಆಮೇಲೆ ನೋಡಿದರೆ ಕಣಿವೆಗಳಿಂದ ಬರುವ ನೀರು ಇಳಿಯುತ್ತಾ ಹೋಯಿತು. ಕಾಡಿಗೆ ಇಪ್ಪತ್ತೈದು ಮೂವತ್ತು ವರ್ಷ ಆಗುವಾಗ ಹೆಚ್ಚುಕಡಿಮೆ ಅರ್ಧಕ್ಕೆ ಬರಬಹುದು ಎಂದು ಲೆಕ್ಕ ಹಾಕಿದ್ದಾರೆ. ಹಳೆಯ ಮಟ್ಟಕ್ಕೆ ಮರಳಲು ನೂರು ವರ್ಷಕ್ಕೂ ಜಾಸ್ತಿ ಬೇಕು. ಹರೆಯದ ಮರಕ್ಕೆ ಬಾಯಾರಿಕೆ ಜಾಸ್ತಿ, ಮುದಿ ಮರ ಹಿತಮಿತ. ಬೆಂಕಿಯ ಬದಲು ಗರಗಸ ಬಂದರೂ ಅಲ್ಲಿ ಎದ್ದು ಬರುವುದು ಅದೇ ಹರೆಯದ ಕಾಡು.

ಸತ್ತ ಬೇರಿನ ಹಿಡಿತ

ಕಡಿದಾದ ಗುಡ್ಡದಲ್ಲಿ ಮರ ಕಡಿದರೆ ಕುಸಿತ ಯಾವಾಗ? ಮರುವರ್ಷದ ಮಳೆಗೇ ಆಗಬೇಕಲ್ವಾ? ಹಾಗೇನೂ ಇಲ್ಲ. ಕಡಿದ ಮರದ ಬೇರು ಕೂಡಲೇ ಕೊಳೆಯುವುದಿಲ್ಲ, ಸತ್ತ ಮೇಲೂ ಸ್ವಲ್ಪ ಕಾಲ ಮಣ್ಣನ್ನು ಹಿಡಿದಿರುತ್ತದೆ. ಮೊದಲು ಕೂದಲಿನಂಥ ಸಣ್ಣ ಬೇರುಗಳು ಹೋಗುತ್ತವೆ, ಆಮೇಲೆ ದಪ್ಪವು. ಅತ್ತ ಹೊಸ ಗಿಡಗಳ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಹಳೆಯದು ಕೈ ಬಿಟ್ಟು, ಹೊಸದು ಇನ್ನೂ ಕೈ ಹಿಡಿಯದ ಈ ನಡುಗಾಲ ಸಾಮಾನ್ಯವಾಗಿ ಕಡಿದ ಮೂರರಿಂದ ಹದಿನೈದು ವರ್ಷದ ನಡುವೆ ಬರುತ್ತದೆ. ಜೋರು ಮಳೆ ಆಗ ಬಂದರೆ ಗುಡ್ಡ ಜಾರುತ್ತದೆ. ಅಷ್ಟು ಹೊತ್ತಿಗೆ ಮೇಲೆಲ್ಲ ಹಸಿರು ಹಬ್ಬಿರುತ್ತದೆ. ಕಡಿದವರು ಯಾರು, ಯಾವಾಗ ಅನ್ನುವುದೂ ಜನರಿಗೆ ಮರೆತಿರುತ್ತದೆ. ಎಲ್ಲರೂ ಮಳೆಯನ್ನು ಬೈಯುತ್ತಾರೆ.

ದೊಡ್ಡ ಪ್ರವಾಹಗಳ ಮಾತು ಸ್ವಲ್ಪ ಜಟಿಲ. ಸಣ್ಣ, ಮಧ್ಯಮ ಮಳೆಗೆ ಬರುವ ನೆರೆ ಕಾಡು ಕಡಿದ ಕಡೆ ಹೆಚ್ಚುವುದು ನಿಜ. ದಿನಗಟ್ಟಲೆ ಆಕಾಶ ತೂತಾದ ಹಾಗೆ ಸುರಿದರೆ, ಮಣ್ಣು ಪೂರ್ತಿ ನೆನೆದ ಮೇಲೆ ಕಾಡೂ ಹೆಚ್ಚೇನೂ ತಡೆಯಲಾರದು. ತಜ್ಞರಲ್ಲಿ ಇದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸರ್ಕಾರಗಳು ಮಾತ್ರ ಜಗಳ ಮುಗಿಯಲು ಕಾಯಲಿಲ್ಲ. 1988ರ ನವೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಪ್ರವಾಹದ ಜೊತೆ ಮಣ್ಣು, ದಿಮ್ಮಿ ಎಲ್ಲ ಊರುಗಳ ಮೇಲೆ ನುಗ್ಗಿ ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಆ ದೇಶ ಕಾಡಿನ ಮರ ಕಡಿತವನ್ನೇ ನಿಷೇಧಿಸಿತು. 1998ರ ಯಾಂಗ್ತ್ಸೆ ನದಿಯ ಪ್ರವಾಹದ ನಂತರ ಚೀನಾ ಆ ನದಿಯ ಮೇಲ್ಭಾಗದ ಸಹಜ ಕಾಡುಗಳಲ್ಲಿ ಕಡಿತ ನಿಲ್ಲಿಸಿತು. ಅಲ್ಲಿನ ಬೆಟ್ಟಗಳಿಗೆ ಉಸಿರು ಬಂತು. ಆದರೆ ನಾಟಾದ ಹಸಿವು ಕಡಿಮೆಯಾಗಲಿಲ್ಲ, ರಷ್ಯಾದಿಂದಲೂ ಅಕ್ಕಪಕ್ಕದ ದೇಶಗಳಿಂದಲೂ ಆಮದು ಏರಿತು. ಗರಗಸ ಗಡಿ ದಾಟಿತು, ಅಷ್ಟೇ.

ಅಂಚು ಮತ್ತು ರಸ್ತೆ

ಕಾಡಿನ ಒಳಗೆ ನಡೆದವರಿಗೆ ಗೊತ್ತು, ಒಳಗಿನ ಗಾಳಿಯೇ ಬೇರೆ. ತಂಪು, ತೇವ, ನಿಶ್ಚಲ. ಪಕ್ಕದ ತುಂಡನ್ನು ಬೋಳಿಸಿದರೆ ಆ ಒಳಗಿನ ಕಾಡು ಅಂಚಾಗುತ್ತದೆ. ಒಣ ಗಾಳಿ, ಬಿಸಿಲು ಎರಡೂ ಅಡ್ಡಡ್ಡ ನುಗ್ಗುತ್ತವೆ. ಬ್ರೆಜಿಲ್‌ನ ಮನೌಸ್ ಬಳಿ ಥಾಮಸ್ ಲವ್‌ಜಾಯ್ 1979ರಲ್ಲಿ ಶುರು ಮಾಡಿದ ದೀರ್ಘಕಾಲದ ಅಧ್ಯಯನ ಇದನ್ನೇ ಅಳೆಯಿತು. ಅಂಚಿನಿಂದ 300 ಮೀಟರ್ ಒಳಗಿನವರೆಗೂ ದೊಡ್ಡ ಮರಗಳು ನಡುಗಾಡಿನ ಮರಗಳಿಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಸತ್ತವು. ಅವಕ್ಕೆ ಯಾರೂ ಕೊಡಲಿ ತಾಗಿಸಿರಲಿಲ್ಲ. ಎತ್ತರದ ಮರಕ್ಕೆ ಗಾಳಿಯ ಪೆಟ್ಟು ಜಾಸ್ತಿ, ಒಣಗುವ ಭಯವೂ ಜಾಸ್ತಿ, ಅಂಚಿನಲ್ಲಿ ಸೊಕ್ಕುವ ಬಳ್ಳಿಗಳೂ ಅವನ್ನೇ ಹತ್ತುತ್ತವೆ.

ಇನ್ನು ರಸ್ತೆ. ನನ್ನನ್ನು ಕೇಳಿದರೆ ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯದ್ದು ಇದು, ಗರಗಸಕ್ಕಿಂತಲೂ. ದಿಮ್ಮಿ ಸಾಗಿಸಲು ಮಾಡಿದ ಮಣ್ಣಿನ ರಸ್ತೆ ಕಡಿತ ಮುಗಿದ ಮೇಲೂ ಅಲ್ಲೇ ಇರುತ್ತದೆ. ಅದೇ ದಾರಿಯಲ್ಲಿ ಬೇಟೆಯವರು ಬರುತ್ತಾರೆ, ಆಮೇಲೆ ಕಾಡು ಸುಟ್ಟು ಬೇಸಾಯ ಮಾಡುವವರು. ಬ್ರೆಜಿಲ್‌ನ ಅಮೆಜಾನ್‌ನಲ್ಲಿ ಬೋಳಾದ ಕಾಡಿನ 95 ಶೇಕಡಾ ಭಾಗ ಇರುವುದು ಯಾವುದಾದರೂ ರಸ್ತೆಯಿಂದ 5.5 ಕಿಲೋಮೀಟರ್ ಒಳಗೆ, ಇಲ್ಲವೇ ದೋಣಿ ಹೋಗುವ ನದಿಯಿಂದ 1 ಕಿಲೋಮೀಟರ್ ಒಳಗೆ. ಮಧ್ಯ ಆಫ್ರಿಕಾದ ಕಾಡಾನೆಗಳಿಗೆ ಮುಳುವಾದದ್ದರಲ್ಲೂ ಇಂಥ ರಸ್ತೆಗಳ ಪಾತ್ರ ದೊಡ್ಡದು. ಹೆಕ್ಟೇರಿಗೆ ಒಂದೆರಡೇ ಮರ ಕಡಿದ ಕಾಡು ಮರಗಳ ದೃಷ್ಟಿಯಿಂದ ಚೆನ್ನಾಗಿಯೇ ಇರಬಹುದು, ಪ್ರಾಣಿಗಳಿಲ್ಲದೆ ಬಿಕೋ ಅನ್ನಬಹುದು.

ಮುದಿ ಮರ ಮತ್ತು ಸತ್ತ ಮರಗಳದ್ದು ಬೇರೆಯೇ ಲೋಕ. ನಾಟಾದ ಕಣ್ಣಿಗೆ ಪೊಟರೆ ಬಿದ್ದ ಮರ ದಂಡ. ಮರಕುಟಿಗಕ್ಕೆ, ಗೂಬೆಗೆ, ಬಾವಲಿಗೆ ಅದೇ ಮನೆ. ಕೊಳೆಯುತ್ತಾ ಬಿದ್ದ ಕೊರಡನ್ನೇ ನಂಬಿದ ಅಣಬೆ, ದುಂಬಿಗಳ ಪಟ್ಟಿ ಮಾಡಿದರೆ, ಉತ್ತರ ಯುರೋಪಿನ ಕಾಡುಗಳಲ್ಲಿ ಐದರಲ್ಲಿ ಒಂದು ಜೀವಿಗಾದರೂ ಅದು ಬೇಕೇ ಬೇಕು. ಸಾಲು ಹಿಡಿದು ನೆಟ್ಟು, ಎಪ್ಪತ್ತು ಎಂಬತ್ತು ವರ್ಷಕ್ಕೆ ಕಡಿದುಬಿಡುವ ಕಾಡಿನಲ್ಲಿ ಮರಕ್ಕೆ ಮುದಿಯಾಗುವ ಅವಕಾಶವೇ ಇಲ್ಲ. ಅಮೆರಿಕದ ವಾಯವ್ಯ ಮೂಲೆಯ ಹಳೆಯ ಕಾಡಿನಲ್ಲಿ ಬದುಕುವ ಚುಕ್ಕೆ ಗೂಬೆಯನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿ ಎಂದು ಘೋಷಿಸಬೇಕಾಯಿತು. ಅದರ ಮೇಲೆ ನಾಟಾ ಕೆಲಸದವರಿಗೂ ಪರಿಸರದವರಿಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು.

ಇಂಗಾಲದ ಕಣಜ

ಒಣಗಿದ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಒಂದು ಕಿಲೋ ಇಂಗಾಲ ಗಾಳಿ ಸೇರಿದರೆ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮರ ಕಡಿದರೂ ಇಂಗಾಲ ಮೇಜು, ಬಾಗಿಲುಗಳಲ್ಲಿ ಭದ್ರವಾಗಿರುತ್ತದಲ್ಲ ಅನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಆದರೆ ಬೇರು, ಕೊಂಬೆ, ಎಲೆ ಕಾಡಿನಲ್ಲೇ ಉಳಿದು ಕೊಳೆಯುತ್ತವೆ. ಜೊತೆಗೆ ಬಿದ್ದು ಸತ್ತ ಪಕ್ಕದ ಮರಗಳೂ ಕೊಳೆಯುತ್ತವೆ. ದಿಮ್ಮಿ ಸಾ ಮಿಲ್ಲಿಗೆ ಹೋದ ಮೇಲೆ ಅದರ ದೊಡ್ಡ ಪಾಲು ಹೊಟ್ಟು, ಚಕ್ಕೆಯಾಗಿ ಒಲೆಗೋ ಕಾಗದಕ್ಕೋ ಹೋಗುತ್ತದೆ. ಮೇಜಾಗಿ ನೂರು ವರ್ಷ ಬಾಳುವುದು ಒಂದು ಚೂರು.

ಇನ್ನೊಂದು ವಾದ: ಎಳೆ ಮರ ಬೇಗ ಬೆಳೆಯುತ್ತದೆ, ಹಾಗಾಗಿ ಮುದಿ ಕಾಡು ಕಡಿದು ಹೊಸದು ಬೆಳೆಸಿದರೆ ಲಾಭ. ಇದು ತುಂಬಿದ ಕಣಜ ಬರಿದು ಮಾಡಿ, 'ನಾಳೆಯಿಂದ ದಿನಕ್ಕೆ ಒಂದು ಮುಷ್ಟಿ ಜಾಸ್ತಿ ಹಾಕ್ತೀನಿ' ಅಂದ ಹಾಗೆ. ಜಗತ್ತಿನ 48 ಕಾಡುಗಳಲ್ಲಿ ಮರಗಳನ್ನು ಅಳೆದು 2018ರಲ್ಲಿ ಬಂದ ಲೆಕ್ಕದಲ್ಲಿ, ಎಲ್ಲ ಮರಗಳ ನೆಲದ ಮೇಲಿನ ಒಟ್ಟು ಒಣ ತೂಕದ ಅರ್ಧ ಇದ್ದದ್ದು ಅತಿ ದಪ್ಪದ ಶೇಕಡಾ 1ರಷ್ಟು ಮರಗಳಲ್ಲೇ. ಆರಿಸಿ ಕಡಿಯುವವರು ಮೊದಲು ಆರಿಸುವುದು ಯಾವ ಮರವನ್ನು ಅಂತ ಹೇಳಬೇಕೇ? ಮಲೇಷ್ಯಾದ ಸಬಾದಲ್ಲಿ, ಕಡಿದು ಬಿಟ್ಟ ಕಾಡುಗಳ ಉಸಿರಾಟವನ್ನೇ ಅಳೆದವರು 2023ರಲ್ಲಿ ಪ್ರಕಟಿಸಿದ್ದು ಇದು: ಹೊಸ ಮರಗಳು ಚೆನ್ನಾಗಿ ಬೆಳೆಯುತ್ತಿದ್ದರೂ, ಕಡಿದ ನಂತರ ಹತ್ತು ವರ್ಷವಾದರೂ ಆ ಕಾಡು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಗೆ ಬಿಡುತ್ತಿರುತ್ತದೆ. ಮಣ್ಣು ಮತ್ತು ಸತ್ತ ಮರ ಅಷ್ಟು ಕಾಲ ಕೊಳೆಯುತ್ತಲೇ ಇರುತ್ತವೆ.

ಬೆಂಕಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ತೇವದ ಮಳೆಕಾಡಿಗೆ ಬೆಂಕಿ ಹತ್ತುವುದು ಕಷ್ಟ. ಕಡಿದ ಕಾಡಿನಲ್ಲಿ ಮೇಲಿನ ಹಂದರ ತೂತು, ನೆಲದ ಮೇಲೆ ಒಣ ಕೊಂಬೆಗಳ ರಾಶಿ. 1997-98ರ ಎಲ್ ನಿನೊ ಬರಗಾಲದಲ್ಲಿ ಇಂಡೋನೇಷ್ಯಾದ ಪೂರ್ವ ಕಾಲಿಮಾಂಟನ್ನಿನಲ್ಲಿ ಸುಮಾರು 52 ಲಕ್ಷ ಹೆಕ್ಟೇರ್ ಉರಿಯಿತು. ಹೆಚ್ಚು ಸುಟ್ಟದ್ದು ಈಚೆಗೆ ಕಡಿದಿದ್ದ ಕಾಡುಗಳು. ಕಡಿಯದ ಕಾಡು, ಬಹಳ ಹಿಂದೆ ಕಡಿದು ಸುಧಾರಿಸಿಕೊಂಡಿದ್ದ ಕಾಡು ಎರಡಕ್ಕೂ ಹಾನಿ ಕಡಿಮೆ.

ಮತ್ತೆ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ. ಕಾಡು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ. ಒಂದು ಸಲ ಮಾತ್ರ ಕಡಿದ ಉಷ್ಣವಲಯದ ಕಾಡುಗಳಲ್ಲಿ ಶೇಕಡಾ 85ಕ್ಕೂ ಹೆಚ್ಚು ಜಾತಿಯ ಜೀವಿಗಳು, ಮುಕ್ಕಾಲು ಪಾಲು ಇಂಗಾಲ ಉಳಿದಿರುತ್ತದೆ ಎಂದು 2012ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳಿದ್ದಾರೆ. ಅದಕ್ಕೇ 'ಹೇಗೂ ಕೆಟ್ಟಿದೆ, ತೋಟ ಮಾಡೋಣ' ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಕಡಿದ ಕಾಡು ಕೂಡ ಎಣ್ಣೆತಾಳೆ ತೋಟಕ್ಕಿಂತ ಎಷ್ಟೋ ಮೇಲು.

ಕಡಿಯುವ ರೀತಿ ಬದಲಾದರೂ ಬಹಳ ವ್ಯತ್ಯಾಸ ಆಗುತ್ತದೆ. ಸಬಾದಲ್ಲೇ 1990ರ ದಶಕದಲ್ಲಿ ಇದನ್ನು ಮಾಡಿ ನೋಡಿದರು. ಮರಗಳ ನಕ್ಷೆ ಮೊದಲೇ ಬರೆದಿಟ್ಟುಕೊಂಡರು. ಕಡಿಯುವ ತಿಂಗಳುಗಳ ಮುಂಚೆಯೇ ಬಳ್ಳಿಗಳನ್ನು ಕತ್ತರಿಸಿ ಒಣಗಲು ಬಿಟ್ಟರು. ಮರ ಯಾವ ಕಡೆಗೆ ಬೀಳಬೇಕು ಅಂತ ನೋಡಿ ಕಚ್ಚು ಹಾಕಿದರು. ಬುಲ್ಡೋಜರ್‌ಗೆ ಗುರುತು ಮಾಡಿದ ದಾರಿ ಬಿಟ್ಟು ಕದಲದಂತೆ ಹೇಳಿದರು. ಉಳಿದ ಮರಗಳಿಗೆ ಆಗುವ ಹಾನಿ ಅರ್ಧಕ್ಕಿಂತ ಕೆಳಗೆ ಬಂತು. ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ, ಒಂದಿಷ್ಟು ತಾಳ್ಮೆ ಮತ್ತು ಕೂಲಿ ಬೇಕು. ತಾಳ್ಮೆಗೆ ಗುತ್ತಿಗೆಯಲ್ಲಿ ದುಡ್ಡು ಬರೆದಿರುವುದಿಲ್ಲ, ತೊಡಕು ಅಲ್ಲಿದೆ.

ಉಳಿದದ್ದು ಕಾಲದ ಲೆಕ್ಕ. ಪೂರ್ತಿ ಬೋಳಾಗಿ ಬೇಸಾಯಕ್ಕೆ ಹೋಗಿ ಮತ್ತೆ ತಾನಾಗಿ ಬೆಳೆದ ಉಷ್ಣವಲಯದ ಕಾಡುಗಳನ್ನು ನೋಡಿದರೆ, ಮಣ್ಣು ಹತ್ತು ವರ್ಷದೊಳಗೆ ಚೇತರಿಸಿಕೊಳ್ಳಬಹುದು. ಎಷ್ಟು ಜಾತಿಯ ಮರಗಳಿದ್ದವೋ ಅಷ್ಟು ಸಂಖ್ಯೆ ಮರಳಲು ಅರವತ್ತು ವರ್ಷದವರೆಗೂ ಬೇಕಾಗಬಹುದು. ಅದೇ ಜಾತಿಗಳು ಅದೇ ಪ್ರಮಾಣದಲ್ಲಿ ಬರಲು 120 ವರ್ಷವೂ ಸಾಲದು. ನಾಟಾ ಕಡಿತದ ನಿಯಮಗಳಲ್ಲಿ ಒಂದು ಜಾಗಕ್ಕೆ ಮತ್ತೆ ಗರಗಸ ತರಲು ಬಿಡುವ ಅಂತರ ಹಲವು ದೇಶಗಳಲ್ಲಿ 25ರಿಂದ 35 ವರ್ಷ. ಮೊದಲ ಸುತ್ತಿನಲ್ಲಿ ಕಡಿದ ಮರಕ್ಕೆ ಎಷ್ಟೋ ಸಲ ಇನ್ನೂರು, ಮುನ್ನೂರು ವರ್ಷ ಆಗಿರುತ್ತದೆ. ಎರಡನೇ ಸುತ್ತಿಗೆ ಬಂದವರಿಗೆ ಅಂಥ ಮರ ಸಿಗುವುದಿಲ್ಲ. ಆಗ ಅವರು ಮೊದಲ ಸಲ ತೆಳ್ಳಗಿದೆ ಎಂದು ಬಿಟ್ಟುಹೋದದ್ದಕ್ಕೆ, ಬೇಡದ ಜಾತಿ ಎಂದು ಬಿಟ್ಟದ್ದಕ್ಕೆ ಬುಡ ಅಳೆಯಲು ಟೇಪು ಹಿಡಿಯುತ್ತಾರೆ.